ಅಂಗೈಯಗಲದ ಜಗದೇವಪ್ಪ

ಚಂದಾಪುರದಲ್ಲಿ ನನ್ನ ಝೆರಾಕ್ಸ್ ಅಂಗಡಿಗೆ ಅಂಟಿಕೊಂಡೇ ಸಾಯಬಣ್ಣನ ಮಳಿಗೆ. ಅಂಗಡಿಗಳ ಬೋರ್ಡು ಬರೆಯುತ್ತಿದ್ದವನು, ಫ್ಲೆಕ್ಸ್ ಬಂದ ಮೇಲೆ ತೀರಿಕೊಂಡವರ ಚಿತ್ರ ಬರೆಯತೊಡಗಿದ. ಆಧಾರ್ ಕಾರ್ಡಿನ ಮುಖ ನನ್ನ ಯಂತ್ರದಲ್ಲಿ ದೊಡ್ಡದಾಗಿ, ಅವನ ಕೈಯಲ್ಲಿ ಬಣ್ಣ ಬಳಿದುಕೊಂಡು ಗೋಡೆ ಏರುತ್ತಿತ್ತು. ಅಷ್ಟಕ್ಕೇ ಇದ್ದಿದ್ದರೆ ಚೆನ್ನಾಗಿತ್ತು. ರದ್ದಿಯಲ್ಲಿ ಒಂದು ಪುಸ್ತಕ ಸಿಕ್ಕಿ ಆಸಾಮಿಗೆ ಹುಚ್ಚು ಹತ್ತಿತು.

ಪುಸ್ತಕದ ತುಂಬ ಐದುನೂರು ವರ್ಷದ ಹಿಂದಿನ ಫ್ರಾನ್ಸ್ ದೇಶದ ಸರದಾರರು, ಅವರ ಹೆಂಡಿರು. ಒಬ್ಬೊಬ್ಬರೂ ಅಂಗೈಯಗಲದ ಹಲಗೆಯ ಮೇಲೆ, ಹಿಂದೆ ಹಸಿರು ಬಣ್ಣ, ತಲೆಗೆ ಕರಿ ಟೊಪ್ಪಿಗೆ, ಮುಖ ತುಸು ಓರೆ. ಕೈಯಲ್ಲಿ ಹಿಡಿದು ನೋಡುವ ಚಿತ್ರಗಳು ಇವು ಎಂದು ಸಾಯಬಣ್ಣ ಬಂದವರಿಗೆಲ್ಲ ತೋರಿಸುವನು. ಪಾಪ, ಸರದಾರರಿಗೆ ಗೋಡೆ ಇರಲಿಲ್ಲವೇನೋ ಎಂದು ನಾನು ಕಾಲೆಳೆಯುತ್ತಿದ್ದೆ. ಅವನು ತನ್ನ ಪಾಡಿಗೆ ಅಂಥದೇ ಹಲಗೆಗೆಂದು ಸಾಗುವಾನಿ ತುಂಡು ಉಜ್ಜುತ್ತಿದ್ದ.

ಒಮ್ಮೆ ಕುಂಚಾವರಂ ಕಡೆಯ ದೇವಾನಂದ, ತೀರಿಕೊಂಡ ತಂದೆ ಜಗದೇವಪ್ಪನ ಆಧಾರ್ ತಂದ. ಬೇರೆ ಫೋಟೋ ಇರಲಿಲ್ಲ. ವರ್ಷದ ಕಾರ್ಯಕ್ಕೆ ದೊಡ್ಡ ಚಿತ್ರ ಬೇಕು, ಮುಖ ನೇರ ಇರಬೇಕು ಎಂದ. ಸಾಯಬಣ್ಣ ಹಾಗೆಯೇ ಬರೆದ. ಒಯ್ಯಲು ಬಂದಾಗ ತಾಯಿ ಅನಸುಬಾಯಿಯೂ ಜೊತೆಗಿದ್ದಳು. ಬಹಳ ಹೊತ್ತು ನೋಡಿ, ಇವರು ಯಾರೆಂದು ಮೆಲ್ಲಗೆ ಕೇಳಿದಳು.

ಮಗ ರೇಗಿದ. ಮುದುಕಿಗೆ ಕಣ್ಣು ಮಂಜಾಗಿದೆ ಎಂದುಕೊಂಡೆ ನಾನು. ಸಾಯಬಣ್ಣ ಮಾತ್ರ ಅವಳನ್ನು ಸ್ಟೂಲಿನ ಮೇಲೆ ಕೂರಿಸಿ, ಯಜಮಾನರು ಹೇಗಿದ್ದರೆಂದು ವಿಚಾರಿಸಿದ.

"ಎದುರಿಗಿ ನಿಂತು ಅವರ ಮಾರಿ ನಾ ನೋಡೇ ಇಲ್ರಿ," ಎಂದಳು. "ಅತ್ತಿ-ಮಾವ ಇದ್ದ ಮನಿ. ಉಣ್ಲಿಕ್ಕ ಕುಂತಾಗ ಅವರ ಎಡಕ್ಕ ಕುಂತು ರೊಟ್ಟಿ ಹಾಕ್ತಿದ್ದೆ. ಸೆರಗಿನಾಗಿಂದ ಕಂಡಿದ್ದು ಅಷ್ಟೇ. ಮುಂದ ಅದೇ ರೂಢಿ ಆಯ್ತು. ಈಗ ಅದೂ ಮರೀಲಿಕತ್ತದರಿ."

ಆ ಕೊನೆಯ ಮಾತು ಕೇಳಿ ನನಗೆ ಸಂಕಟವಾಯಿತು.

ಅಪ್ಪನ ಮೂಗು, ಕಿವಿ ಮಗನಿಗೆ ಬಂದಿದ್ದವು. ಸಾಯಬಣ್ಣ ಅವನನ್ನು ಬಾಗಿಲ ಬೆಳಕಿಗೆ ಓರೆಯಾಗಿ ಕೂರಿಸಿ, ಅಂಗೈಯಗಲದ ಸಾಗುವಾನಿ ಹಲಗೆಯ ಮೇಲೆ ಎಡಗಡೆಯಿಂದ ಕಂಡ ಮುಖದ ಗೆರೆ ಎಳೆದುಕೊಂಡ. ಅನಸುಬಾಯಿ ಹೇಳಿದ ಹಾಗೆ ಕೆನ್ನೆ ಇಳಿಸಿದ, ಮೀಸೆ ನರೆಸಿದ. ದೊಡ್ಡ ಚಿತ್ರ ಮಗನ ಜೊತೆ ಗೋಡೆಗೆ ಹೋಯಿತು. ಸಣ್ಣ ಹಲಗೆ ಅಂಗಡಿಯಲ್ಲೇ ಉಳಿದು ದಿನಕ್ಕಿಷ್ಟು ಬಣ್ಣ ತುಂಬಿಕೊಂಡಿತು. ಟೊಪ್ಪಿಗೆಯ ಜಾಗಕ್ಕೆ ರುಮಾಲು ಬಂತು. ಹಿಂದೆ ಮಾತ್ರ ಅದೇ ಫ್ರಾನ್ಸಿನ ಹಸಿರು.

ಸಂತೆಯ ದಿನ ಅನಸುಬಾಯಿ ಒಬ್ಬಳೇ ಬಂದಳು. ಹೋಲದಿದ್ದರೆ ಏನು ಗತಿ ಎಂದು ನಾನು ಝೆರಾಕ್ಸ್ ನಿಲ್ಲಿಸಿ ನಿಂತಿದ್ದೆ. ಸಾಯಬಣ್ಣ ಹಲಗೆಯನ್ನು ಸ್ಟೂಲಿನ ಮೇಲಿಟ್ಟ.

ಅವಳು ಒಮ್ಮೆ ನೋಡಿದಳು. ಜಾರಿದ್ದ ಸೆರಗನ್ನು ಹಣೆಯವರೆಗೆ ಎಳೆದುಕೊಂಡು, ಅದರ ಎಡಕ್ಕೆ ಸರಿದು ಕೂತಳು.