ಬೇರಿನ ಗಂಟು

ಅವಳ ಟೊಮೆಟೊ ಗಿಡಗಳು ಸತತ ಎರಡು ವರ್ಷ ಮಧ್ಯಾಹ್ನದ ಹೊತ್ತಿಗೆ ಜೋಲುಬಿದ್ದು, ಕಾಯಿ ಕಚ್ಚುವ ಮೊದಲೇ ಸತ್ತವು. ಸಸಿ ಕೊಟ್ಟವನು ಗಂಡನ ಅಣ್ಣ; ಪಕ್ಕದಲ್ಲೇ ಅವನ ಸಸಿಮಡಿ. ಕೆಲಸದ ಹೆಂಗಸರೆಲ್ಲ ನಿಂತಿರುವಾಗಲೇ ಅವನು, "ನಿನ್ನ ಕೈಗುಣವೇ ಅಂಥದ್ದಮ್ಮ, ಮುಟ್ಟಿದ್ದೆಲ್ಲ ಒಣಗುತ್ತೆ," ಎಂದು ನಕ್ಕಿದ್ದ. ಆ ನಗುವನ್ನು ಅವಳು ಮರೆಯಲಿಲ್ಲ.

ಸತ್ತ ಗಿಡವನ್ನೂ, ನೆಡದೆ ಉಳಿದಿದ್ದ ಅವನ ಸಸಿಯನ್ನೂ ಸಸ್ಯರೋಗದ ಡಾಕ್ಟರ ಬಳಿ ಒಯ್ದಳು. ಎರಡರ ಬೇರಿನಲ್ಲೂ ಗಂಟುಗಳು.

"ಕಣ್ಣಿಗೆ ಕಾಣದ ಹುಳು. ಸಸಿ ಜೊತೆಗೇ ಬಂದಿದೆ," ಎಂದ ಡಾಕ್ಟರು ಸೂಕ್ಷ್ಮದರ್ಶಕದಲ್ಲಿ ಅದರ ಮದ್ದನ್ನೂ ತೋರಿಸಿದರು. ಒಂದು ಶಿಲೀಂಧ್ರದ ಎಳೆಗಳು ಹುಳುವಿನ ಮೊಟ್ಟೆಗಳೊಳಗೆ ನುಗ್ಗಿ ತಿನ್ನುತ್ತಿದ್ದವು. ಅವಳಿಗೆ ಅದರಿಂದ ಕಣ್ಣು ಕೀಳಲು ಮನಸ್ಸಾಗಲಿಲ್ಲ. "ತಿನ್ಲಿ, ವಂಶವೇ ಉಳೀಬಾರ್ದು," ಎಂದಳು.

ಡಾಕ್ಟರು ಕೊಟ್ಟ ಆ ಶಿಲೀಂಧ್ರವನ್ನು ಕೊಟ್ಟಿಗೆ ಗೊಬ್ಬರಕ್ಕೆ ಬೆರೆಸಿ, ಒದ್ದೆ ಗೋಣಿ ಹೊದಿಸಿ, ಎರಡು ವಾರ ಬಾಣಂತಿಗೆ ಮಾಡುವಷ್ಟು ಆರೈಕೆ ಮಾಡಿದಳು. ಸಸಿಯನ್ನೂ ತಾನೇ ಬೆಳೆಸಿ, ಆ ಗೊಬ್ಬರ ಹಾಕಿ ನೆಟ್ಟಳು. ಗಿಡಗಳು ಆಳೆತ್ತರ ಬೆಳೆದವು.

ಅಷ್ಟರಲ್ಲಿ ಭಾವನ ಮಡಿಗಳೇ ಹಳದಿಗಟ್ಟಿದವು. ಕೊಂಡವರು ಬೇರಲ್ಲಿ ಗಂಟುಬಿದ್ದ ಸಸಿಗಳನ್ನು ವಾಪಸು ತಂದು ಅವನ ಬಾಗಿಲಲ್ಲಿ ಸುರಿದರು. ಅವನು ಬಂದು, "ನಿನ್ನ ಆ ಗೊಬ್ಬರ ಒಂದು ಚೀಲ ಕೊಡಮ್ಮ," ಎಂದ.

"ಕೊಡ್ತೀನಿ ಭಾವ. ಅವತ್ತು ಯಾರೆದುರು ನನ್ನ ಆಡಿಕೊಂಡ್ರೋ, ಅವರೆದುರೇ ಹುಳ ಎಲ್ಲಿಂದ ಬಂತು ಅಂತ ಹೇಳಿ."

ಹೆಂಗಸರು ಕೆಲಸ ಬಿಟ್ಟು ಬಂದರು. "ನನ್ನ ಸಸಿಯಿಂದಲೇ," ಎಂದು ಅವನು ಗೊಣಗಿದ.

"ಹಿಂದೆ ನಿಂತವರಿಗೆ ಕೇಳಿಸ್ಲಿಲ್ಲ ಭಾವ."

ಅವನು ಗಟ್ಟಿಯಾಗಿ ಹೇಳಿದ. ಚೀಲ ಎತ್ತಲು ಬಂದ ಹೆಂಗಸನ್ನು ಅವಳು ಕೈಸನ್ನೆಯಲ್ಲೇ ತಡೆದಳು. ಭಾವ ಅದನ್ನು ತಾನೇ ಹೊತ್ತು ಹೋಗುವುದನ್ನು ಕಣ್ತುಂಬ ನೋಡಿದಳು.