ತೊಳೆದ ದುರ್ಬೀನು

ನಿಜಾಮ್ ಸರ್ಕಾರ ಇದ್ದಾಗ ನಾನು ನಾರುಹುಣ್ಣಿನ ಹುಳ ಹುಡುಕಿಕೊಂಡು ದೇವದುರ್ಗದ ಕಡೆ ಊರೂರು ತಿರುಗತಿದ್ದೆ. ಕುಡಿಯೋ ನೀರಿನ ಜೋಡಿ ಹೊಟ್ಟಿಗೆ ಹೋಗಿ, ಕಡೀಕ ಕಾಲು ಒಡದು ದಾರದಂಗ ಹೊರಗ ಬರೋ ಹುಳ ಅದು. ಹೋದಲ್ಲೆಲ್ಲ ಬಾವಿ ಕಟ್ಟಿಮ್ಯಾಲೆ ಸೂಕ್ಷ್ಮದರ್ಶಕ ಇಟ್ಟು ಮಂದಿಗೆ ಹನಿ ನೀರು ತೋರಸೂದು ನನಗೊಂದು ಆಟ. ಮಂದಿ ಅದಕ್ಕ ದುರ್ಬೀನು ಅಂತಿದ್ರು.

ಒಂದೂರಾಗ ಗೌಡ್ರು ಮೊದಲು ಬಗ್ಗಿ ನೋಡಿದ್ರು.

“ಎಲಾ ಇದರ! ಏನು ಕುಣಿಯಾಕತ್ತಾವ್ರೀ!”

“ಹುಳದ ಮರಿ ಹೊತ್ತು ತರೂವು ಅವೇ. ನೀರು ಅರಿವಿಲೆ ಸೋಸಿ ಕುಡೀರಿ.”

“ನಮ್ಮಜ್ಜ ಕುಡದ ನೀರ್ರೀ ಇದು” ಅಂತ ನಕ್ಕುಬಿಟ್ರು.

ಕೇರಿಯ ಎಲ್ಲವ್ವ ಕೊಡ ಹಿಡಕೊಂಡು ದೂರ ನಿಂತಿದ್ದಳು. ಕಾಲಾಗ ನಾರುಹುಣ್ಣು. ಆಕಿ ಬಾವಿ ಹತ್ರ ಬರೂಹಂಗಿಲ್ಲ, ಯಾರರೆ ಸುರುವೂತನಕ ಕಾಯಬೇಕು. ನಾನೇ ದುರ್ಬೀನು ಒಯ್ದು ತೋರಿಸಿದೆ.

“ಯಪ್ಪಾ, ಇಷ್ಟು ಸಣ್ಣವು ನನ್ನ ಕಾಲು ತಿಂದ್ವೇನು?” ಅಂದಳು.

ತಿರುಗಿ ಬಂದು ದುರ್ಬೀನು ಕಟ್ಟಿಮ್ಯಾಲೆ ಇಟ್ರ ಗೌಡ್ರ ಮುಖ ಕಪ್ಪಾಗಿತ್ತು. ಆಳಿಗೆ ಕಣ್ಣಸನ್ನಿ ಮಾಡಿದ್ರು. ನಾನು ಬ್ಯಾಡ ಬ್ಯಾಡ ಅನ್ನೂದ್ರಾಗ ಅವ ಒಂದು ಕೊಡ ನೀರು ಅದರ ಮ್ಯಾಲೆ ಸುರಿದ. ಮಸೂರದೊಳಗ ನೀರು ಹೊಕ್ಕು ದುರ್ಬೀನು ಕೆಟ್ಟಹೋತು. ಉಳಿದ ನೀರು ಕಟ್ಟಿಮ್ಯಾಲಿಂದ ಹರಿದು ಬಾವಿಗೇ ಬಿತ್ತು.

“ಈಗ ಶುದ್ಧ ಆತು, ತಗೋರಿ” ಅಂದ್ರು ಗೌಡ್ರು.

ಮುಂದಿನ ಬ್ಯಾಸಗಿಗೆ ಹೋದಾಗ ಗೌಡ್ರು ಕಾಲಿಗೆ ಅರಿವಿ ಸುತ್ತಿಕೊಂಡು ಕುಂತಿದ್ರು. ನಾರುಹುಣ್ಣು.

“ಆಕಿ ಮುಟ್ಟಿದ್ದು ತೊಳದ ನೀರು ಬಾವಿಗೆ ಬಿತ್ತಲ್ರೀ, ಅದಕ್ಕ ಬಂತು” ಅಂದ್ರು.

ಇಷ್ಟು ಬೇಗ ಕಾರಣ ಹುಡುಕೂದು ನನಗ ಇವತ್ತಿಗೂ ಬರಂಗಿಲ್ಲ.