ತೂಕದ ಯಂತ್ರಕ್ಕೆ ಕಾಶವ್ವ ಕಟ್ಟಿದ ಕೌದಿ

ವಿಕ್ರೋಳಿಯ ನಮ್ಮ ಚಾಳಿನಲ್ಲಿ ಕಾಶವ್ವನ ಸಿಟ್ಟಿಗೆ ಹೆದರದವರಿಲ್ಲ. ವಿಜಯಪುರದ ಕಡೆಯಿಂದ ಮದುವೆಯಾಗಿ ಬಂದವಳು. ಹಳೆ ಸೀರೆಗಳನ್ನು ಸೇರಿಸಿ ಕೌದಿ ಹೊಲಿದು, ಮಾರಿ, ಮಗನನ್ನು ಬೆಳೆಸಿದಳು. ಈಗ ಮಗ, ಸೊಸೆ ಕೆಲಸಕ್ಕೆ ಹೋದರೆ ಐದನೆಯ ಇಯತ್ತೆಯ ಮೊಮ್ಮಗಳು ಮಾಧುರಿ ಅವಳ ಪಾಲು.

ಮಳೆಗಾಲ ಮುಗಿದ ಮೇಲೆ ಶಾಲೆಯಲ್ಲಿ ಆರೋಗ್ಯ ತಪಾಸಣೆ ನಡೆಯಿತು. ವರಾಂಡದಲ್ಲಿ ತೂಕದ ಯಂತ್ರ, ಮುಂದೆ ಮಕ್ಕಳ ಸಾಲು. ಆಟದ ಮಾಸ್ತರ ಸುಭಾಷ ಒಬ್ಬೊಬ್ಬರ ತೂಕವನ್ನೂ ಗಂಟಲು ಹರಿಯುವಂತೆ ಕೂಗಿದ. ಆ ತುದಿಯಲ್ಲಿ ಕುಳಿತ ಡಾಕ್ಟರಮ್ಮ ಬರೆದುಕೊಂಡಳು. ಮಾಧುರಿಯ ತೂಕ ಕೇಳಿ ಇಡೀ ಸಾಲು ನಕ್ಕಿತು. ಅಂದಿನಿಂದ ಅವಳ ಹೆಸರು ಮೋಟಿ, ಅಂದರೆ ದಪ್ಪಿ. ಮರುತಪಾಸಣೆ ಹತ್ತಿರವಾದಂತೆ ಡಬ್ಬದ ರೊಟ್ಟಿ ಮುಟ್ಟದೆ ಮರಳತೊಡಗಿತು. ಒಂದು ಬೆಳಿಗ್ಗೆ ನಲ್ಲಿಯ ಹತ್ತಿರ ಹುಡುಗಿ ಕಣ್ಣಿಗೆ ಕತ್ತಲೆ ಕವಿದು ಕುಸಿದಳು. ಅಜ್ಜಿ ಎತ್ತಿ ಕೂರಿಸಿದಾಗ ಅಳತೊಡಗಿದಳು.

"ನಾ ಶಾಲಿಗಿ ಹೋಗಂಗಿಲ್ಲ ಆಯಿ. ಸಬ್ ಹಸ್ತೇ ಹೈ, ಎಲ್ಲಾರೂ ನಗತಾರ. ನಾಳಿ ಮತ್ತ ತೂಗತಾರ."

ಮರುದಿನ ಕಾಶವ್ವ ಒಂದು ಕೈಯಲ್ಲಿ ಮೊಮ್ಮಗಳನ್ನು, ಕಂಕುಳಲ್ಲಿ ದೊಡ್ಡ ಕೌದಿಯನ್ನು ಹಿಡಿದು ಶಾಲೆಗೆ ನಡೆದಳು. ವರಾಂಡದಲ್ಲಿ ಆಗಲೇ ತೂಕದ ಸಾಲು ನಿಂತಿತ್ತು.

"ಏ ಮಾಸ್ತರಾ, ಇದೇನು ಕಾಯಿಪಲ್ಲೆ ಬಜಾರೇನು, ತೂಕ ಕೂಗಿ ಹರಾಜ್ ಹಾಕಾಕ?"

"ಅಜ್ಜಿ, ಆವಾಜ್ ಕಮ್ಮಿ ಮಾಡ್ರಿ. ಇದು ಸ್ಕೂಲು."

"ನೀ ಕೂಗುವಾಗ ಇದು ಸ್ಕೂಲ್ ಆಗಿರ್ಲಿಲ್ಲೇನೋ? ಆಟದ ಬಯಲಾಗ ನಿಮ್ಮ ಗಾಡಿ ನಿಲ್ಲಿಸೀರಿ. ಹುಡುಗೂರು ಎಲ್ಲಿ ಓಡಬೇಕು, ನಿನ್ನ ತಲಿ ಮ್ಯಾಲೆ? ಈ ಮಶೀನ್ ಹತ್ತು, ಮೊದಲ ನೀ ಹತ್ತು. ನಿನ್ನ ಹೊಟ್ಟಿ ತೂಕ ನಾ ಕೂಗತೀನಿ!"

ಸಾಲು ಮತ್ತೆ ನಕ್ಕಿತು. ಈ ಸಲ ಮಾಸ್ತರನ ಮುಖ ಕೆಂಪಾಯಿತು. ಡಾಕ್ಟರಮ್ಮ ಎದ್ದು ಬಂದಳು. "ಅಜ್ಜಿ, ಮಕ್ಕಳ ಒಳ್ಳೇದಕ್ಕೇ ನೋಡೋದು. ನೋಡಲೇಬೇಕು."

"ನೋಡು ತಾಯಿ, ಬ್ಯಾಡ ಅಂದವರ್ಯಾರು? ಕೂಗಬ್ಯಾಡ್ರಿ ಅಂತೀನಿ. ಹಸದು ಬಿದ್ದೈತಿ ಕೂಸು, ಇದಾ ಏನು ಒಳ್ಳೇದು?"

ಮೈಯ ತೂಕ ಅಳೆಯಲು ಬಂದವರಿಗೆ ಮಗುವಿಗೂ ಮಾನವಿದೆ ಎಂಬುದನ್ನು ಕೌದಿ ಹೊಲಿಯುವವಳು ಬೈದು ಹೇಳಬೇಕಾಯಿತಲ್ಲ!

ಕಾಶವ್ವ ಯಂತ್ರಕ್ಕೆ ಮರೆಯಾಗುವಂತೆ ಕಿಟಕಿಯ ಸರಳಿನಿಂದ ಕಂಬಕ್ಕೆ ಕೌದಿ ಎಳೆದು ಕಟ್ಟಿದಳು. ಡಾಕ್ಟರಮ್ಮ ತಾನೇ ಅದರ ಮರೆಗೆ ಹೋಗಿ ನಿಂತಳು. ಮಾಧುರಿ ಆಯಿಯ ಸೆರಗು ಬಿಟ್ಟು ಒಳಗೆ ಹೋದಳು. ಹೊರಗೆ ಯಾರಿಗೂ ಏನೂ ಕೇಳಿಸಲಿಲ್ಲ. ಹೊರಬಂದಾಗ ಎಷ್ಟೆಂದು ಕಾಶವ್ವನೂ ಕೇಳಲಿಲ್ಲ.

"ಆಯಿ, ಡಬ್ಬಾ ತಂದೀಯೇನ?"

ಹುಡುಗಿ ಮೆಟ್ಟಿಲ ಮೇಲೆ ಕೂತು ರೊಟ್ಟಿ ಮುರಿದಳು. ಕಾಶವ್ವನ ಸಿಟ್ಟು ಮಾತ್ರ ಇಳಿದಿರಲಿಲ್ಲ.

"ಮಾಸ್ತರಾ, ಕೌದಿ ಇಲ್ಲೇ ಇರ್ಲಿ. ಬಿಚ್ಚಿದಿ ಅಂದ್ರ ಮತ್ತ ಬರತೀನಿ."